ಎರಡು ಕುದುರೆಗಳ ಸವಾರ

ಪಿಟೀಲಿನಲ್ಲಿ ಎರಡು ಕುದುರೆಗಳಿರುತ್ತವೆ. ತಂತಿಗಳನ್ನು ಬೆನ್ನ ಮೇಲೆ ಹೊತ್ತು ನಿಂತಿರುವ ಮರದ ತೆಳು ಹಲಗೆಗೆ ವಾದಕರು ಕುದುರೆ ಎಂದೇ ಹೆಸರಿಟ್ಟಿದ್ದಾರೆ. ಕಮಾನಿಗೆ ಬಿಗಿದಿರುವುದಂತೂ ಅಪ್ಪಟ ಕುದುರೆಯ ಬಾಲದ ಕೂದಲು, ಒಂದು ಕಮಾನಿಗೆ ಸುಮಾರು 150ರಿಂದ 200 ಎಳೆ. ಇಷ್ಟೊಂದು ಅಶ್ವಬಲವನ್ನು ಹೆಗಲಿಗೆ ನೇತುಹಾಕಿಕೊಂಡು ಓಡಾಡುತ್ತಿದ್ದರೂ ಪ್ರೌಢಶಾಲೆಯ ಕೊನೆಯ ವರ್ಷದಲ್ಲಿ ನಾನು ಯಾವ ಜಾಗಕ್ಕೂ ಹೊತ್ತಿಗೆ ಸರಿಯಾಗಿ ತಲುಪಿದ ನೆನಪಿಲ್ಲ.

ತಪ್ಪು ತಂತಿಗಳನ್ನು ಸುತ್ತಿ ಬಿಗಿಯುವ ಬಿರಡೆಗಳದು. ಅವು ಬರಿಯ ಮರದ ತುಂಡುಗಳು. ತಿಕ್ಕಾಟವೊಂದನ್ನೇ ನಂಬಿ ತೂತಿನಲ್ಲಿ ನಿಂತಿರುತ್ತವೆ. ಹವೆ ಒಣಗಿದರೆ ಕುಗ್ಗಿ ಜಾರುತ್ತವೆ, ತೇವ ಹೆಚ್ಚಿದರೆ ಉಬ್ಬಿಕೊಂಡು ಅಲುಗಾಡುವುದಿಲ್ಲ ಎಂದು ಹಟ ಹಿಡಿಯುತ್ತವೆ. ರಾತ್ರಿ ಶ್ರುತಿ ಸೇರಿಸಿ ಮಲಗಿಸಿದ ವಾದ್ಯ ಬೆಳಗಾಗುವಷ್ಟರಲ್ಲಿ ಮನಸ್ಸು ಬದಲಿಸಿರುತ್ತಿತ್ತು. ಅದನ್ನು ಓಲೈಸಿ ದಾರಿಗೆ ತರುವ ಹೊತ್ತಿಗೆ ಶಾಲೆಯಲ್ಲಿ ಮೊದಲ ಪಾಠ ಅರ್ಧ ಮುಗಿದಿರುತ್ತಿತ್ತು. ಒಮ್ಮೆ ನಿಜವನ್ನೇ ಹೇಳಿಬಿಡೋಣವೆಂದು ಧೈರ್ಯ ಮಾಡಿ, ‘ಗಾಳಿಯಲ್ಲಿ ತೇವಾಂಶ ಕಡಿಮೆ ಇತ್ತು ಸರ್, ಅದಕ್ಕೇ ತಡವಾಯಿತು’ ಎಂದೆ. ಅವರು ಹಾಜರಿ ಪುಸ್ತಕದಿಂದ ತಲೆ ಎತ್ತಿ, ‘ನಿಮ್ಮ ಮನೆಯ ಗಾಳಿಯಲ್ಲಿ ಮಾತ್ರವೇನಪ್ಪಾ?’ ಎಂದು ಕೇಳಿದರು.

ಮನೆಯ ಗಾಳಿಯೂ ಆ ವರ್ಷ ಅಷ್ಟೇನೂ ಹಿತಕರವಾಗಿರಲಿಲ್ಲ. ಅಮ್ಮ ಬರೆದು ಗೋಡೆಗೆ ಅಂಟಿಸಿದ್ದ ವೇಳಾಪಟ್ಟಿಯಲ್ಲಿ ಗಣಿತಕ್ಕೆ ಎರಡು ಗಂಟೆ, ವಿಜ್ಞಾನಕ್ಕೆ ಎರಡು ಗಂಟೆ, ಪಿಟೀಲಿಗೆ ‘ಉಳಿದ ಸಮಯ’ ಎಂದಿತ್ತು. ಉಳಿದ ಸಮಯವೆಂಬುದು ಎಷ್ಟು ನಿಮಿಷ ಎಂಬ ಬಗ್ಗೆ ನನಗೂ ಅಮ್ಮನಿಗೂ ಇದ್ದ ಭಿನ್ನಾಭಿಪ್ರಾಯ ಪರೀಕ್ಷೆ ಮುಗಿಯುವವರೆಗೂ ಇತ್ಯರ್ಥವಾಗಲಿಲ್ಲ. ಅಪ್ಪ ಇದರಲ್ಲಿ ತಟಸ್ಥರು. ನಾನು ಕಮಾನು ಕೈಗೆತ್ತಿಕೊಂಡ ಕೂಡಲೇ ಅವರಿಗೆ ಹೊರಗೆ ಏನಾದರೊಂದು ಕೆಲಸ ನೆನಪಾಗುತ್ತಿತ್ತು. ನೆಂಟರ ರೀತಿಯೇ ಬೇರೆ. ಪುಸ್ತಕ ಹಿಡಿದು ಕುಳಿತಾಗ ಬಂದವರು ‘ಏನಾದರೂ ಬಾರಿಸೋ, ಕೇಳೋಣ’ ಎನ್ನುತ್ತಿದ್ದರು. ಬಾರಿಸುತ್ತಿರುವಾಗ ಬಂದವರು ‘ಪರೀಕ್ಷೆ ಹತ್ತಿರ ಬಂತಲ್ಲವೇ?’ ಎಂದು ವಿಚಾರಿಸುತ್ತಿದ್ದರು.

ನೆಂಟರೆಂದಮೇಲೆ ಅತ್ತೆಯ ಮಾತನ್ನು ಇಲ್ಲಿಯೇ ಹೇಳಿಬಿಡಬೇಕು, ಏಕೆಂದರೆ ಮುಂದಿನ ಅನಾಹುತದ ಬೀಜ ಅಲ್ಲಿದೆ. ಕಮಾನಿನ ಕೂದಲಿಗೆ ರೋಸಿನ್ ಉಜ್ಜದಿದ್ದರೆ ಪಿಟೀಲು ನುಡಿಯುವುದಿಲ್ಲ. ರೋಸಿನ್ ಎಂದರೆ ಪೈನ್ ಮರದ ಅಂಟಿನಿಂದ ಮಾಡಿದ, ಬೆಲ್ಲದ ಅಚ್ಚಿನಂತೆ ಕಾಣುವ ಗಟ್ಟಿ. ಬಾರಿಸುವಾಗ ಅದರ ಬಿಳಿಯ ಪುಡಿ ಉದುರಿ ವಾದ್ಯದ ಮೇಲೆಯೂ, ನನ್ನಂಥ ಉದಾರಿ ಉಜ್ಜಿದ್ದರೆ ಅಂಗಿಯ ಎಡಭುಜದ ಮೇಲೆಯೂ ಕೂರುತ್ತದೆ. ಅತ್ತೆ ಒಂದು ಸಂಜೆ ಆ ಭುಜವನ್ನು ಬಹಳ ಹೊತ್ತು ನೋಡಿದರು, ಏನನ್ನೂ ಹೇಳಲಿಲ್ಲ. ಮುಂದಿನ ಸಲ ಬಂದಾಗ ಅಮ್ಮನನ್ನು ಒಳಕ್ಕೆ ಕರೆದು, ‘ಈ ವಯಸ್ಸಿನಲ್ಲಿ ಸಹಜ, ಬಯ್ಯಬೇಡ’ ಎಂದು ಪಿಸುಗುಟ್ಟಿ, ತಲೆಹೊಟ್ಟಿಗೆ ಹಾಕುವ ಶಾಂಪೂವಿನ ದೊಡ್ಡ ಬಾಟಲಿಯೊಂದನ್ನು ಕೊಟ್ಟು ಹೋದರು. ನನಗೆ ಹೊಟ್ಟಿರಲಿಲ್ಲ. ಬಾಟಲಿ ಬಚ್ಚಲುಮನೆಯ ಗೂಡಿನಲ್ಲಿ ಹಾಗೆಯೇ ಕುಳಿತಿತ್ತು.

ಇದೆಲ್ಲ ಹೊರಗಿನ ಉಪದ್ರವ. ನಿಜವಾದ ತೊಂದರೆ ಇದ್ದುದು ಕಿವಿಯಲ್ಲಿ. ಹತ್ತು ವರ್ಷ ಶ್ರುತಿ ಹುಡುಕಿ ಅಭ್ಯಾಸವಾದ ಕಿವಿಗೆ ರಜೆಯೆಂಬುದಿಲ್ಲ. ಅದು ಪಾಠವೊಂದನ್ನು ಬಿಟ್ಟು ಮಿಕ್ಕೆಲ್ಲವನ್ನೂ ಕೇಳಿಸಿಕೊಳ್ಳುತ್ತದೆ. ನಾನು ಎರಡನೆಯ ತಂತಿಯನ್ನು ಸೆಕೆಂಡಿಗೆ 440 ಕಂಪನಗಳಿಗೆ ಸೇರಿಸುತ್ತಿದ್ದೆ. ಲೋಕದ ವಾದ್ಯಗಳೆಲ್ಲ ಈ ಒಂದು ಸಂಖ್ಯೆಗೆ ಬದ್ಧವಾಗಿರಲಿ ಎಂದು 1939ರಲ್ಲಿ ಲಂಡನ್ನಿನಲ್ಲಿ ಸಮ್ಮೇಳನವೊಂದು ನಡೆದು ತೀರ್ಮಾನವಾಗಿತ್ತು. ನಮ್ಮ ಶಾಲೆಯ ಗಂಟೆಗೆ ಮಾತ್ರ ಆ ಸುದ್ದಿ ತಲುಪಿರಲಿಲ್ಲ. ಅದು ಬಡಿದಾಗಲೆಲ್ಲ ಸಹಪಾಠಿಗಳು ಊಟದ ಡಬ್ಬಿ ತೆಗೆಯುತ್ತಿದ್ದರೆ ನಾನು ಹಲ್ಲು ಕಚ್ಚಿಕೊಳ್ಳುತ್ತಿದ್ದೆ.

ಪೂರ್ವಸಿದ್ಧತಾ ಪರೀಕ್ಷೆಯ ದಿನ ಈ ಕಿವಿ ನನ್ನನ್ನು ಪೂರ್ತಿ ಮುಳುಗಿಸಿತು. ನನ್ನ ತಲೆಯ ಮೇಲಿದ್ದ ಹಳೆಯ ಟ್ಯೂಬ್‌ಲೈಟು ಗುಂಯ್‌ಗುಡುತ್ತಿತ್ತು. ವಿದ್ಯುತ್ತು ಸೆಕೆಂಡಿಗೆ 50 ಆವರ್ತಗಳದ್ದಾದರೆ ಇಂಥ ದೀಪದ ಚೋಕು 100 ಕಂಪನಗಳಲ್ಲಿ ಗುನುಗುತ್ತದೆ. ಪಿಟೀಲಿನ ನಾಲ್ಕನೆಯ ತಂತಿಯ ಸ್ವರ 196, ಅದರ ಕೆಳಗಿನ ಸ್ಥಾಯಿಯದು 98. ಅಂದರೆ ದೀಪವು ಆ ಕೆಳಸ್ಥಾಯಿಯ ಸ್ವರಕ್ಕಿಂತ ಕೂದಲೆಳೆಯಷ್ಟು ಮೇಲಿತ್ತು. ಎರಡೇ ಎರಡು ಕಂಪನ! ಬೇರೆ ಯಾರಿಗೂ ಅದು ಕೇಳಿಸುತ್ತಲೇ ಇರಲಿಲ್ಲ; ನನಗೆ ಅದರ ಹೊರತು ಬೇರೇನೂ ಕೇಳಿಸುತ್ತಿರಲಿಲ್ಲ. ಹಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡ ನಾರನ್ನು ನಾಲಿಗೆ ಬಿಡದೆ ತಡಕುವಂತೆ ನನ್ನ ಗಂಟಲು ಆ ಸ್ವರವನ್ನು ಸರಿಯಾದ ಜಾಗಕ್ಕೆ ಎಳೆಯಲು ಹೊರಟಿತು. ‘ಯಾರದು ಗುನುಗುತ್ತಿರುವುದು?’ ಎಂದು ಮೇಲ್ವಿಚಾರಕಿ ಮೇಡಂ ಗದರಿದಾಗ ನಾನೂ ಉಳಿದವರಂತೆ ಸುತ್ತಮುತ್ತ ನೋಡಿದೆ.

ಗುನುಗು ನಿಂತಿತು. ಆ ನಿಶ್ಶಬ್ದದಲ್ಲಿ ಮತ್ತೊಂದು ಸದ್ದು ತೇಲಿಬಂತು: ಟಿಕ್, ಟಿಕ್, ಟಿಕ್. ಜಗಲಿಯಲ್ಲಿ ರಾಶಿ ಹಾಕಿದ್ದ ಚೀಲಗಳೊಳಗಿಂದ ಬರುತ್ತಿತ್ತು. ಸದ್ದು ನನಗೆ ಚೆನ್ನಾಗಿ ಪರಿಚಯವಿದ್ದದ್ದೇ, ನಿಮಿಷಕ್ಕೆ ಇಂತಿಷ್ಟು ಎಂದು ಬಡಿದು ಲಯ ತೋರಿಸುವ ನನ್ನ ಮೆಟ್ರೊನೋಮಿನದು. 1815ರಲ್ಲಿ ಮೆಲ್ತ್ಸೆಲ್ ಎಂಬಾತ ಪೇಟೆಂಟ್ ಪಡೆದ ಕೀಲಿಯ ಯಂತ್ರವಾಗಿದ್ದರೆ ಕೀಲಿ ಮುಗಿದೊಡನೆ ತಾನಾಗಿ ಸುಮ್ಮನಾಗುತ್ತಿತ್ತು. ನನ್ನದು ಬ್ಯಾಟರಿಯದು. ಮೇಲೆ ಬಿದ್ದ ಯಾರದೋ ಭೂಪಟದ ಪುಸ್ತಕ ಅದರ ಗುಂಡಿಯನ್ನು ಒತ್ತಿತ್ತು, ಹಿಂದಿನ ರಾತ್ರಿಯಷ್ಟೇ ನಾನು ಹೊಸ ಬ್ಯಾಟರಿ ಹಾಕಿದ್ದೆ. ಎದ್ದು ನಿಂತು ಒಪ್ಪಿಕೊಂಡಿದ್ದರೆ ಒಂದು ನಿಮಿಷದಲ್ಲಿ ಮುಗಿಯುತ್ತಿತ್ತು. ಆದರೆ ಆಗತಾನೇ ಗುನುಗಿ ಸುಳ್ಳು ಮುಖ ಮಾಡಿದ್ದವನಿಗೆ ಅಷ್ಟು ಬೇಗ ಪ್ರಾಮಾಣಿಕನಾಗುವುದು ಸಾಧ್ಯವಾಗಲಿಲ್ಲ. ಮೇಡಂ ಚೀಲಗಳನ್ನು ಒಂದೊಂದಾಗಿ ಕಿವಿಗೆ ಹಿಡಿದು ನೋಡುತ್ತಾ, ಕಡೆಗೆ ಅದನ್ನು ಸತ್ತ ಇಲಿಯನ್ನು ಎತ್ತಿ ಹಿಡಿಯುವಂತೆ ಎರಡು ಬೆರಳಿನಲ್ಲಿ ಹಿಡಿದು ತಂದು, ‘ಇದು ಯಾರದು?’ ಎಂದರು. ಇಡೀ ಕೊಠಡಿ ಒಂದೇ ಸಲಕ್ಕೆ ನನ್ನತ್ತ ತಿರುಗಿತು. ಅಷ್ಟು ಕರಾರುವಾಕ್ಕಾದ ಲಯವನ್ನು ನಮ್ಮ ಶಾಲೆಯ ಸಾಮೂಹಿಕ ಗಾಯನದಲ್ಲಿ ನಾನು ಎಂದೂ ಕಂಡಿರಲಿಲ್ಲ.

ಪರೀಕ್ಷೆ ಮುಗಿದ ಮೇಲೆ ಹಿಂದಿನ ಬೆಂಚಿನ ಗೆಳೆಯ ನನ್ನೊಡನೆ ಜಗಳಕ್ಕೆ ಬಂದ. ಅವನು ಅರಿವಿಲ್ಲದೆಯೇ ಆ ಟಿಕ್‌ಟಿಕ್ಕಿಗೆ ಸರಿಯಾಗಿ ಬರೆಯತೊಡಗಿದ್ದನಂತೆ, ಕೊನೆಯ ಎರಡು ಪ್ರಶ್ನೆಗಳಿಗೆ ಸಮಯ ಸಾಲದೆ ಹೋಯಿತಂತೆ. ‘72ಕ್ಕೆ ಯಾಕೋ ಇಟ್ಟಿದ್ದೆ? 120ಕ್ಕೆ ಇಟ್ಟಿದ್ದರೆ ಎಲ್ಲರೂ ಮುಗಿಸುತ್ತಿದ್ದೆವಲ್ಲ!’

ನಾನು ಸಮಯಕ್ಕೆ ಮುಗಿಸಿದ್ದೆ, ಆದರೆ ಮುಗಿಸಿದ್ದರಿಂದ ಉಪಯೋಗವೇನೂ ಆಗಲಿಲ್ಲ. ಭೌತಶಾಸ್ತ್ರದ ಪತ್ರಿಕೆಯಲ್ಲಿ ನನಗಾಗಿಯೇ ಹಾಕಿದಂತೆ ಒಂದು ಪ್ರಶ್ನೆ ಬಂದಿತ್ತು: ಉದ್ದವನ್ನು ಬದಲಿಸದೆ ತಂತಿಯ ಎಳೆತವನ್ನು ನಾಲ್ಕು ಪಟ್ಟು ಹೆಚ್ಚಿಸಿದರೆ ಏನಾಗುತ್ತದೆ? ಕಂಪನಗಳ ಸಂಖ್ಯೆ ಎರಡರಷ್ಟಾಗುತ್ತದೆ, ಸ್ವರ ಒಂದು ಸ್ಥಾಯಿ ಮೇಲೇರುತ್ತದೆ ಎಂಬುದು ಉತ್ತರ. ಮರ್ಸೆನ್ ಎಂಬ ಫ್ರೆಂಚ್ ಸನ್ಯಾಸಿ 1636ರಲ್ಲಿಯೇ ಬರೆದಿಟ್ಟ ನಿಯಮ. ತರಗತಿಯಲ್ಲಿ ತಂತಿಯನ್ನು ಮುಟ್ಟಿ ನೋಡಿಲ್ಲದವರೆಲ್ಲ ಅದನ್ನು ಸರಿಯಾಗಿ ಬರೆದರು. ನಾನೊಬ್ಬನೇ, ಆ ತಿಂಗಳಲ್ಲಿ ಮೂರು ಸಲ ಮುಖಕ್ಕೆ ಹೊಡೆಸಿಕೊಂಡಿದ್ದ ಅನುಭವವನ್ನು ಆಧಾರವಾಗಿಟ್ಟುಕೊಂಡು, ‘ತಂತಿ ಕಡಿದುಹೋಗುತ್ತದೆ’ ಎಂದು ಬರೆದೆ. ಉತ್ತರಪತ್ರಿಕೆಯ ಅಂಚಿನಲ್ಲಿ ಸೊನ್ನೆಯ ಪಕ್ಕ ಕೆಂಪು ಶಾಯಿಯಲ್ಲಿ ‘ನಿಜ, ಆದರೆ ಅಂಕವಿಲ್ಲ’ ಎಂದಿತ್ತು. ಆ ಶಿಕ್ಷಕರ ಮೇಲೆ ನನಗೆ ಇಂದಿಗೂ ಗೌರವವಿದೆ.

ವರ್ಷದ ಕೊನೆಯಲ್ಲಿ ಬೀಳ್ಕೊಡುಗೆ ಸಮಾರಂಭವಿತ್ತು, ನನ್ನದು ಏಳು ನಿಮಿಷಗಳ ವಾದನ. ಅಂದೂ ತಡವಾಗಿ ಓಡಿಬಂದವನು ಪರದೆಯ ಹಿಂದೆ ತಂತಿಗಳನ್ನು ಬೆರಳಿನಿಂದಲೇ ಮೀಟಿ ಶ್ರುತಿ ನೋಡಿಕೊಂಡೆ. ಕಮಾನು ಎಳೆದು ನೋಡುವಷ್ಟು ವ್ಯವಧಾನವಿರಲಿಲ್ಲ. ಪೆಟ್ಟಿಗೆಯಿಂದ ಏನೋ ಹೂವಿನ ಪರಿಮಳ ಬಂತು. ವೇದಿಕೆಯ ಅಲಂಕಾರದ್ದಿರಬೇಕು ಎಂದುಕೊಂಡೆ.

ವೇದಿಕೆಯ ನಡುವೆ ನಿಂತು, ಕಣ್ಣು ಮುಚ್ಚಿ, ಕಮಾನನ್ನು ಉದ್ದಕ್ಕೆ ಎಳೆದೆ. ಸದ್ದೇ ಇಲ್ಲ. ಮತ್ತೆ ಎಳೆದೆ. ಗಾಜಿನ ಮೇಲೆ ರೇಷ್ಮೆ ಬಟ್ಟೆ ಸರಿದಂಥ ಒಂದು ಉಸಿರು ಬಂದಿತೇ ಹೊರತು ಸ್ವರವೆಂಬುದು ಬರಲಿಲ್ಲ. ರೋಸಿನ್ ಹಚ್ಚಿದ ಕೂದಲು ತಂತಿಯನ್ನು ಕಚ್ಚಿ ಎಳೆಯುತ್ತದೆ, ತಂತಿ ಜಾರಿ ಹಿಂದಿರುಗುತ್ತದೆ, ಕೂದಲು ಮತ್ತೆ ಕಚ್ಚುತ್ತದೆ. 440ರ ತಂತಿಯಲ್ಲಿ ಇದು ಸೆಕೆಂಡಿಗೆ 440 ಸಲ ನಡೆದರೇನೇ ಪಿಟೀಲು ಹಾಡುವುದು. ನನ್ನ ಕಮಾನಿಗೆ ಕಚ್ಚುವ ಹಲ್ಲೇ ಉದುರಿಹೋಗಿತ್ತು. ವೇದಿಕೆಯ ಮೇಲೆಯೇ ಕುಳಿತು ರೋಸಿನ್ ಗಟ್ಟಿಯನ್ನು ತೆಗೆದು ಉಜ್ಜತೊಡಗಿದೆ. ಬರಿಗೂದಲಿಗೆ ಅದು ಹತ್ತಬೇಕಾದರೆ ಹತ್ತಾರು ಸಲ ಎಳೆಯಬೇಕು. ಮೈಕು ಪಕ್ಕದಲ್ಲಿಯೇ ಇದ್ದುದರಿಂದ ಸಭಾಂಗಣದ ತುಂಬ ಕರಕರ ಎಂಬ ಸದ್ದು ಒಂದೇ ಲಯದಲ್ಲಿ ಹಬ್ಬಿತು. ನಿರೂಪಕಿ ನನ್ನ ಪರಿಚಯವನ್ನು ಎರಡನೆಯ ಬಾರಿ ಓದಿದರು. ನಾನು ಉಜ್ಜುವುದನ್ನು ನಿಲ್ಲಿಸಿ ಎದ್ದಾಗ ಹಿಂದಿನ ಸಾಲುಗಳಿಂದ ಚಪ್ಪಾಳೆ ಬಂತು. ಮೊದಲ ಕೃತಿ ಮುಗಿಯಿತೆಂದು ತಿಳಿದಿದ್ದರು. ಆಮೇಲೆ ಬಾರಿಸಿದ್ದಕ್ಕೆ ಅಷ್ಟು ಚಪ್ಪಾಳೆ ಬರಲಿಲ್ಲ.

ಮನೆಗೆ ಬಂದವನೇ ತಮ್ಮನನ್ನು ಹಿಡಿದು ನಿಲ್ಲಿಸಿದೆ. ಏಳು ವರ್ಷದ ಅವನ ಮುಖದಲ್ಲಿ ಉಪಕಾರ ಮಾಡಿದವನ ಹೆಮ್ಮೆಯಿತ್ತೇ ವಿನಾ ಅಳುಕಿನ ಸುಳಿವಿರಲಿಲ್ಲ.

‘ನೀನು ದೊಡ್ಡ ಸ್ಟೇಜಿನ ಮೇಲೆ ಬಾರಿಸ್ತೀಯ ಅಂತ ನಿನ್ನೆ ನಾನೇ ತೊಳೆದಿಟ್ಟೆ ಅಣ್ಣಾ. ಅತ್ತೆ ಕೊಟ್ಟಿದ್ದ ಶಾಂಪೂ ಹಾಕಿದೆ.’

‘ಕಮಾನಿಗೆ ಯಾರಾದರೂ ಶಾಂಪೂ ಹಾಕುತ್ತಾರೇನೋ?’

‘ಕೂದಲು ತಾನೇ?’ ಎಂದು ಅವನು ಅಚ್ಚರಿಪಟ್ಟ. ‘ಪಾಪ, ಕುದುರೆಗೆ ಎಷ್ಟೊಂದು ಹೊಟ್ಟಾಗಿತ್ತು ಗೊತ್ತಾ!’