ಬಿಡಿಸಿದ ಉತ್ತರ ಎದುರಿಗಿಟ್ಟುಕೊಂಡು ಹೋಂವರ್ಕ್ ಮಾಡಬಹುದೇ? ಪರ-ವಿರೋಧ

ಪರ: ಕೇಳಲು ಯಾರೂ ಇಲ್ಲದ ಮನೆಯಿಂದ

ಬಂಟ್ವಾಳ ದಾಟಿ ಒಳಗೆ ನಮ್ಮ ಮನೆ. ಮಂಗಳೂರಿನಲ್ಲಿ ಬಿ.ಎಸ್ಸಿ. ಓದಿದ ಮೂರು ವರ್ಷವೂ ಸ್ಟೇಟ್‌ಬ್ಯಾಂಕ್ ಬಸ್‌ಸ್ಟ್ಯಾಂಡಿನಲ್ಲಿ ಸಂಜೆಯ ಬಸ್ಸು ಹಿಡಿದು, ಬಿ.ಸಿ.ರೋಡಿನಲ್ಲಿ ಇಳಿದು, ಇನ್ನೊಂದು ಬಸ್ಸಿಗೆ ಕಾದು ಮನೆ ಮುಟ್ಟುವಾಗ ಕತ್ತಲಾಗಿರುತ್ತಿತ್ತು. ಅಮ್ಮ ತಡ್ಪೆ (ಮೊರ) ತೊಡೆಯ ಮೇಲಿಟ್ಟುಕೊಂಡು ಬೀಡಿ ಕಟ್ಟುತ್ತಿರುತ್ತಿದ್ದರು. ನಾನು ಪುಸ್ತಕ ಬಿಚ್ಚಿ ಸುಮ್ಮನೆ ಕೂತದ್ದು ಕಂಡರೆ, "ಗೊತ್ತಾಗದಿದ್ದರೆ ಯಾರನ್ನಾದರೂ ಕೇಳು ಮಗಾ" ಅನ್ನುವರು. ಯಾರನ್ನು ಕೇಳುವುದು? ಆ ಮನೆಯಲ್ಲಿ, ಆಚೀಚೆ ಮನೆಗಳಲ್ಲಿ, ನನಗಿಂತ ಹೆಚ್ಚು ಓದಿದವರು ಯಾರೂ ಇರಲಿಲ್ಲ.

ಹತ್ತನೆಯ ತರಗತಿವರೆಗೆ ನಾನು ಕಲಿತದ್ದು ಕನ್ನಡ ಮಾಧ್ಯಮದಲ್ಲಿ. ಘರ್ಷಣೆ ಗೊತ್ತಿತ್ತು, ಫ್ರಿಕ್ಷನ್ ಗೊತ್ತಿರಲಿಲ್ಲ. ವೇಗೋತ್ಕರ್ಷ ಗೊತ್ತಿತ್ತು, ಆಕ್ಸಿಲರೇಶನ್ ಎಂದರೆ ಅದೇ ಎಂದು ತಲೆಗೆ ಹೋಗಲು ದಿನ ಹಿಡಿಯಿತು. ನನ್ನಂಥವರಿಗೆ ಲೆಕ್ಕ ಕಷ್ಟವಾಗುವ ಮೊದಲೇ ಪ್ರಶ್ನೆ ಕಷ್ಟ. ನಾಲ್ಕು ಗ್ರಾಂ ಹೈಡ್ರೋಜನ್, ಹದಿನಾರು ಗ್ರಾಂ ಆಕ್ಸಿಜನ್ ಸೇರಿದರೆ ಎಷ್ಟು ನೀರು, ಇದರಲ್ಲಿ ಲಿಮಿಟಿಂಗ್ ರಿಯೇಜೆಂಟ್ ಯಾವುದು ಎಂದು ಕೇಳಿದ್ದರು. ನಾಲ್ಕು, ಹದಿನಾರು ಕೂಡಿಸಿ ಇಪ್ಪತ್ತು ಗ್ರಾಂ ಎಂದು ಬರೆದೆ. ತೂಕ ಎಲ್ಲಿಗೂ ಹೋಗುವುದಿಲ್ಲವಲ್ಲ ಎಂಬ ನನ್ನ ತರ್ಕ ಅಷ್ಟರ ಮಟ್ಟಿಗೆ ಸರಿಯೇ ಇತ್ತು.

ಹಾಸ್ಟೆಲಿನಲ್ಲಿದ್ದ ಸೀನಿಯರ್ ಅಕ್ಕ ಒಬ್ಬರು ತಮ್ಮ ಹಳೆಯ ನೋಟ್ಸ್ ಕೊಟ್ಟರು. ಅದರಲ್ಲಿ ಈ ಲೆಕ್ಕ ಬಿಡಿಸಿತ್ತು. ಮೊದಲು ಗ್ರಾಮನ್ನು ಮೋಲಿಗೆ, ಅಂದರೆ ಕಣಗಳ ಎಣಿಕೆಯ ಅಳತೆಗೆ, ತಿರುಗಿಸಬೇಕು: ಹೈಡ್ರೋಜನ್ 2 ಮೋಲ್, ಆಕ್ಸಿಜನ್ ಅರ್ಧ ಮೋಲ್. ಅರ್ಧ ಮೋಲ್ ಆಕ್ಸಿಜನ್ನಿಗೆ ಬೇಕಾದ್ದು ಒಂದೇ ಮೋಲ್ ಹೈಡ್ರೋಜನ್. ನೀರು 18 ಗ್ರಾಂ, 2 ಗ್ರಾಂ ಹೈಡ್ರೋಜನ್ ಹಾಗೇ ಉಳಿಯುತ್ತದೆ. ಓದಿ ಮುಗಿಸಿದಾಗ ನನ್ನ ಇಪ್ಪತ್ತು ಗ್ರಾಂ ಎಲ್ಲಿ ಹೋಯಿತೆಂದು ಗೊತ್ತಾಯಿತು. ಮೊದಲು ಮುಗಿಯುವುದು ಯಾವುದೋ ಅದೇ ಲಿಮಿಟಿಂಗ್. ಆ ನಾಲ್ಕು ಸಾಲು ಇಲ್ಲದಿದ್ದರೆ ನಾನು ಆ ರಾತ್ರಿ ಪುಸ್ತಕ ಮುಚ್ಚಿ ಅಮ್ಮನ ಜೊತೆ ಬೀಡಿ ಕಟ್ಟಲು ಕೂರುತ್ತಿದ್ದೆ. ಹಾಗೆ ಕೂತವರು ನಮ್ಮ ಊರಲ್ಲಿ ಇದ್ದಾರೆ.

"ಸ್ವಲ್ಪ ಒದ್ದಾಡಬೇಕು, ಒದ್ದಾಡಿದರೆ ಬುದ್ಧಿ ಬರುತ್ತದೆ" ಎನ್ನುವ ಮೇಷ್ಟ್ರುಗಳಿಗೆ ನನ್ನ ಸ್ಟಾಟಿಸ್ಟಿಕ್ಸ್ ಕಥೆ ಹೇಳಬೇಕು. ಎಂಟು ಅಂಕಿ ಕೊಟ್ಟಿದ್ದರು: 2, 4, 4, 4, 5, 5, 7, 9. ಸ್ಟಾಂಡರ್ಡ್ ಡೀವಿಯೇಶನ್, ಅಂದರೆ ಅಂಕಿಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂಬ ಅಳತೆ, ಕಂಡುಹಿಡಿಯಬೇಕು. ಸರಾಸರಿ 5. ವ್ಯತ್ಯಾಸಗಳ ವರ್ಗ ಮಾಡಿ ಕೂಡಿಸಿದರೆ 32. ಎಂಟರಿಂದ ಭಾಗಿಸಿ ವರ್ಗಮೂಲ ತೆಗೆದರೆ 2, ಎಷ್ಟು ಚಂದದ ಉತ್ತರ! ಪುಸ್ತಕದ ಹಿಂದೆ ನೋಡಿದರೆ 2.14. ಎರಡು ಸಂಜೆ ನಾನು ಕೂಡಿಸಿದ್ದನ್ನೇ ಕೂಡಿಸಿದೆ, ಕಳೆದದ್ದನ್ನೇ ಕಳೆದೆ. ಕೊನೆಗೆ ಬಿಡಿಸಿದ ಉತ್ತರದಲ್ಲಿ ಒಂದೇ ಸಾಲಿನಲ್ಲಿ ಸಿಕ್ಕಿತು: ಇದು ಸ್ಯಾಂಪಲ್ (ದೊಡ್ಡ ಗುಂಪಿನಿಂದ ಆರಿಸಿದ ಕೆಲವು ಅಂಕಿ), ಆದ್ದರಿಂದ ಎಂಟರ ಬದಲು ಏಳರಿಂದ ಭಾಗಿಸಬೇಕು. ಎರಡು ಸಂಜೆ ನಾನು ಹುಡುಕಿದ್ದು ಇಲ್ಲದ ತಪ್ಪನ್ನು. ಆ ಒದ್ದಾಟದಿಂದ ನನಗೆ ಬಂದದ್ದು ಬುದ್ಧಿಯಲ್ಲ, ತಲೆನೋವು.

ಇದು ನನ್ನೊಬ್ಬಳ ಅಳಲಲ್ಲ. ಕಲಿಕೆಯ ಬಗ್ಗೆ ಸಂಶೋಧನೆ ಮಾಡುವ ಜಾನ್ ಸ್ವೆಲ್ಲರ್ ಮತ್ತು ಗ್ರಹಾಂ ಕೂಪರ್ 1985ರಲ್ಲಿ ಬೀಜಗಣಿತ ಕಲಿಯುವವರ ಮೇಲೆ ಪ್ರಯೋಗ ಮಾಡಿದರು. ಬಿಡಿಸಿದ ಮಾದರಿಗಳನ್ನು ಓದಿದವರು, ಮೊದಲಿನಿಂದಲೂ ತಾವೇ ಬಿಡಿಸುತ್ತ ಹೋದವರಿಗಿಂತ ಕಡಿಮೆ ಹೊತ್ತಿನಲ್ಲಿ ಕಲಿತರು, ಅದೇ ಬಗೆಯ ಲೆಕ್ಕಗಳಲ್ಲಿ ತಪ್ಪೂ ಕಡಿಮೆ ಮಾಡಿದರು. ಕಾರಣ ಸರಳ. ಹೊಸಬರ ತಲೆಯಲ್ಲಿ ಒಮ್ಮೆಗೆ ಹಿಡಿಯುವುದು ಸ್ವಲ್ಪವೇ. ದಾರಿ ಹುಡುಕುವುದರಲ್ಲೇ ಅದೆಲ್ಲ ತುಂಬಿಹೋದರೆ ಕಲಿಯುವುದಕ್ಕೆ ಜಾಗವೆಲ್ಲಿ?

ಕನ್ನಡ ತರಗತಿಯನ್ನೇ ನೋಡಿ. ಕಂದಪದ್ಯಕ್ಕೆ ಪ್ರಸ್ತಾರ ಹಾಕಿ ತನ್ನಿ ಎಂದು ಮನೆಗೆಲಸ ಕೊಡುವ ಮೊದಲು ಮೇಡಂ ಬೋರ್ಡಿನ ಮೇಲೆ ಒಂದು ಪದ್ಯಕ್ಕೆ ಲಘು-ಗುರು ಹಾಕಿ, ಒಂದು ಮತ್ತು ಮೂರನೆಯ ಪಾದಕ್ಕೆ ನಾಲ್ಕು ಮಾತ್ರೆಯ ಮೂರು ಗಣ, ಎರಡು ಮತ್ತು ನಾಲ್ಕನೆಯದಕ್ಕೆ ಐದು ಗಣ ಎಂದು ಗೀಟೆಳೆದು ತೋರಿಸುತ್ತಾರೆ. ಅದನ್ನು ನೋಡದೆ ಯಾರೂ ಪ್ರಸ್ತಾರ ಹಾಕಲು ಕಲಿತಿಲ್ಲ. ಯಕ್ಷಗಾನ ಕಲಿಯುವ ಮಕ್ಕಳೂ ಗುರುಗಳ ಹೆಜ್ಜೆ ನೋಡಿಯೇ ಹೆಜ್ಜೆ ಹಾಕುವುದು. ನನ್ನ ತಮ್ಮ ಬಿ.ಕಾಂ. ಓದುವಾಗ, ಒಂದು ಲಕ್ಷದ ಯಂತ್ರಕ್ಕೆ ಶೇಕಡಾ 10ರ ಸವಕಳಿ ಒಂದು ಪದ್ಧತಿಯಲ್ಲಿ ವರ್ಷವೂ 10,000 ಇರುವುದು, ಇನ್ನೊಂದರಲ್ಲಿ 10,000, 9,000, 8,100 ಎಂದು ಇಳಿಯುವುದು ಯಾಕೆಂದು ಅವನಿಗೆ ತಿಳಿದದ್ದು ಎರಡೂ ಲೆಡ್ಜರನ್ನು ಪಕ್ಕಪಕ್ಕ ಇಟ್ಟು ನೋಡಿದ ಮೇಲೆಯೇ.

ನನಗೆ ನಿಜವಾಗಿ ಸಿಟ್ಟು ಬರುವುದು ಇನ್ನೊಂದು ವಿಷಯಕ್ಕೆ. ನನ್ನ ಕ್ಲಾಸಿನಲ್ಲಿ ಟ್ಯೂಷನ್ನಿಗೆ ಹೋಗುವವರಿದ್ದರು. ಸೋಮವಾರ ಕೊಡಬೇಕಾದ ಅಸೈನ್‌ಮೆಂಟಿನ ಲೆಕ್ಕಗಳನ್ನೇ ಅವರು ಭಾನುವಾರ ಟ್ಯೂಷನ್ ಸರ್ ಹತ್ತಿರ ಬಿಡಿಸಿಕೊಳ್ಳುತ್ತಿದ್ದರು. ಅದಕ್ಕೆ ಯಾರೂ ಹೆಸರಿಡಲಿಲ್ಲ. ಫೀಸು ಕೊಟ್ಟು ಬೋರ್ಡಿನ ಮೇಲೆ ನೋಡಿದರೆ ಪಾಠ, ಫೀಸಿಗೆ ಗತಿಯಿಲ್ಲದವಳು ಹಳೆಯ ನೋಟ್ಸಿನಲ್ಲಿ ನೋಡಿದರೆ ಕಾಪಿ. ಇದು ಯಾವ ನ್ಯಾಯ ಮಾರಾಯ್ರೆ?

ಬೆಳಿಗ್ಗೆ ಬಸ್ಸಿನಲ್ಲಿ ತೊಡೆಯ ಮೇಲೆ ಎರಡು ಪುಸ್ತಕ ಹರಡಿಕೊಂಡು, ಬ್ರೇಕ್ ಬಿದ್ದಲ್ಲೆಲ್ಲ ಗೀಟು ಎಳೆದುಕೊಂಡು ಕಾಪಿ ಹೊಡೆಯುವವರ ಪರ ನಾನು ಮಾತಾಡುತ್ತಿಲ್ಲ. ಅವರಿಗೆ ಉತ್ತರವೂ ಬೇಡ, ಸಹಿ ಬಿದ್ದರೆ ಸಾಕು. ನಾನು ಮಾಡುತ್ತಿದ್ದುದು ಬೇರೆ. ಒಂದು ಸಾಲು ಓದಿ ಮುಚ್ಚಿ, ಮುಂದಿನದು ಎಂತ ಬರಬಹುದು ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಭೌತಶಾಸ್ತ್ರದ ಮಾದರಿ ಲೆಕ್ಕಗಳನ್ನು ಹೀಗೆ ತಮಗೆ ತಾವೇ ವಿವರಿಸಿಕೊಳ್ಳುತ್ತ ಓದಿದವರೇ ಚೆನ್ನಾಗಿ ಕಲಿತರೆಂದು ಮಿಶೆಲಿನ್ ಚಿ ಮತ್ತು ಸಂಗಡಿಗರು 1989ರಲ್ಲಿ ತೋರಿಸಿದ್ದಾರೆ. ನನಗೆ ಆಗ ಅದು ಗೊತ್ತಿರಲಿಲ್ಲ. ಬಾಯಿ ಬಿಟ್ಟು ಹೇಳುತ್ತಿದ್ದುದರಿಂದ ಅಮ್ಮನಿಗೂ ಮೋಲ್ ಎಂಬ ಮಾತು ಬಾಯಿಪಾಠವಾಗಿತ್ತು.

ವಿರೋಧ: ನಲವತ್ತು ಪುಸ್ತಕ, ಒಂದೇ ತಪ್ಪು

ಮೇಲಿನ ಬರಹ ಬರೆದವಳು ನನ್ನ ವಿದ್ಯಾರ್ಥಿನಿ ಆಗಿರಬೇಕಿತ್ತು ಅನಿಸಿತು. ಅವಳು ಓದಿದ ರೀತಿಯಲ್ಲಿ ಓದುವವರು ತರಗತಿಗೆ ಇಬ್ಬರೋ ಮೂವರೋ. ನನ್ನ ತಕರಾರು ಉಳಿದವರ ಬಗ್ಗೆ.

ಉಡುಪಿ ಕಡೆಯ ಕಾಲೇಜುಗಳಲ್ಲಿ ಭೌತಶಾಸ್ತ್ರ ಪಾಠ ಮಾಡಿ ನಿವೃತ್ತನಾದವನು ನಾನು. ಒಂದು ವರ್ಷ ಇಳಿಜಾರಿನ ಲೆಕ್ಕ ಕೊಟ್ಟಿದ್ದೆ: ಮೂವತ್ತು ಡಿಗ್ರಿ ಇಳಿಜಾರು, ಘರ್ಷಣಾಂಕ 0.2, ಮೇಲಿಂದ ಬಿಟ್ಟ ಮರದ ತುಂಡಿನ ವೇಗೋತ್ಕರ್ಷ ಎಷ್ಟು? ನಲವತ್ತು ಪುಸ್ತಕ ಬಂತು. ಎಲ್ಲರ ಉತ್ತರವೂ 3.2, ಸರಿಯಾದ ಉತ್ತರ. ಆದರೆ ಮೂರನೆಯ ಸಾಲಿನಲ್ಲಿ ಗುರುತ್ವದ 9.8ರ ಜಾಗದಲ್ಲಿ ಎಲ್ಲರೂ 8.9 ಎಂದು ಬರೆದಿದ್ದರು. 8.9 ಹಾಕಿ ಗುಣಿಸಿದರೆ 2.9 ಬರಬೇಕು. ಜೆರಾಕ್ಸ್ ಅಂಗಡಿಯಿಂದ ಹೊರಟ ಒಂದು ಹಾಳೆಯಲ್ಲಿ ಅಂಕಿ ಅದಲುಬದಲಾಗಿತ್ತು, ಅದು ನಲವತ್ತು ಕೈ ದಾಟಿ ನನ್ನ ಮೇಜಿಗೆ ಬಂದಿತ್ತು. ಒಬ್ಬರೂ ಗುಣಿಸಿ ನೋಡಿರಲಿಲ್ಲ. ನಾನು ಸಿಟ್ಟು ಮಾಡಲಿಲ್ಲ, ನಕ್ಕೆ. ಆಮೇಲೆ ಬೇಸರವಾಯಿತು.

ಅದೇ ಲೆಕ್ಕದಲ್ಲಿ ಇನ್ನೊಂದು ಪ್ರಶ್ನೆ ಕೇಳಿದೆ. ನೆಲ ತುಂಡನ್ನು ಒತ್ತುವ ಬಲಕ್ಕೆ ಕಾಸ್ ಯಾಕೆ ಹಾಕಿದಿರಿ, ಸೈನ್ ಯಾಕಲ್ಲ? ಮೌನ. ಉಡುಪಿಯಿಂದ ಮಣಿಪಾಲಕ್ಕೆ ಏರುವ ರಸ್ತೆ ನೆನಪಿಸಿಕೊಳ್ಳಿ ಎಂದೆ. ಆ ಏರು ಇಲ್ಲದೆ ರಸ್ತೆ ಸಪಾಟಾಗಿದ್ದರೆ ಕೋನ ಸೊನ್ನೆ. ಸೊನ್ನೆಯ ಸೈನ್ ಸೊನ್ನೆ. ನೀವು ಸೈನ್ ಹಾಕಿದರೆ ಸಪಾಟು ರಸ್ತೆಯಲ್ಲಿ ನಿಂತ ಬಸ್ಸು ರಸ್ತೆಗೆ ಭಾರವೇ ಅಲ್ಲ! ಕೋನವನ್ನು ಒಂದು ತುದಿಗೆ ಒಯ್ದು ನೋಡುವ ಈ ಉಪಾಯವನ್ನು ನಾನು ಕಲಿತದ್ದು ಯಾವ ಗೈಡಿನಲ್ಲೂ ಅಲ್ಲ. ವಿದ್ಯಾರ್ಥಿಯಾಗಿದ್ದಾಗ ಸೈನ್ ಹಾಕಿ, ತಪ್ಪು ಉತ್ತರ ಬಂದು, ಅರ್ಧ ದಿನ ಕೆಟ್ಟ ಮುಖ ಮಾಡಿಕೊಂಡು ಕೂತಿದ್ದಾಗ ಹೊಳೆದದ್ದು. ಬಿಡಿಸಿದ ಹಾಳೆ ಅಂದು ಕೈಗೆ ಸಿಕ್ಕಿದ್ದರೆ ಸರಿಯಾಗಿ ಕಾಸ್ ಬರೆದು ಆಟಕ್ಕೆ ಹೋಗುತ್ತಿದ್ದೆ.

ಉತ್ತರ ಓದುವಾಗ ಎಲ್ಲವೂ ಗೊತ್ತಿದೆ ಅನಿಸುತ್ತದೆ. ಅಲ್ಲೇ ಮೋಸ. ರೋಡಿಗರ್ ಮತ್ತು ಕಾರ್ಪಿಕೆ ಎಂಬಿಬ್ಬರು 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕಾಲೇಜು ವಿದ್ಯಾರ್ಥಿಗಳು ಎರಡು ಗದ್ಯಭಾಗ ಓದಿದರು. ಆಮೇಲೆ ಒಂದನ್ನು ಮತ್ತೆ ಓದಿದರು, ಇನ್ನೊಂದನ್ನು ಪುಸ್ತಕ ಮುಚ್ಚಿ ನೆನಪಿನಿಂದ ಬರೆದರು. ಐದು ನಿಮಿಷದ ಬಳಿಕ ಕೇಳಿದರೆ ಮತ್ತೆ ಓದಿದ್ದೇ ಮೇಲು: ಶೇಕಡಾ 81ಕ್ಕೆ 75. ವಾರ ಕಳೆದು ಕೇಳಿದಾಗ ತಕ್ಕಡಿ ತಿರುಗಿತ್ತು: ಮತ್ತೆ ಓದಿದ್ದು 42, ಬರೆದು ನೋಡಿದ್ದು 56. ನಮ್ಮ ಮಕ್ಕಳ ಹೋಂವರ್ಕ್ ಐದು ನಿಮಿಷದ ಲೆಕ್ಕ, ಪರೀಕ್ಷೆ ವಾರದ ಲೆಕ್ಕ.

ಅವಳು ಸ್ವೆಲ್ಲರ್ ಹೆಸರು ತಂದಿದ್ದಾಳೆ, ಒಳ್ಳೆಯದು. ಆದರೆ ಆ ಪ್ರಯೋಗದಲ್ಲಿ ಲಾಭ ಕಂಡದ್ದು ಮಾದರಿಯಂಥದೇ ಲೆಕ್ಕಗಳಲ್ಲಿ. ಮಾದರಿಯಿಂದ ಬೇರೆಯಾದ ಲೆಕ್ಕ ಕೊಟ್ಟಾಗ ಆ ಲಾಭ ಕಾಣಲಿಲ್ಲ. 2003ರಲ್ಲಿ ಕಲ್ಯುಗಾ ಮತ್ತು ಸಂಗಡಿಗರು, ಅವರಲ್ಲಿ ಸ್ವೆಲ್ಲರ್ ಕೂಡ ಒಬ್ಬರು, ಇನ್ನೊಂದು ಮಾತು ಸೇರಿಸಿದರು: ಹೊಸಬರಿಗೆ ನೆರವಾಗುವ ವಿವರಣೆಯೇ ಸ್ವಲ್ಪ ಬಲಿತವರಿಗೆ ತೊಡಕಾಗುತ್ತದೆ. ಬಿ.ಎಸ್ಸಿ. ಮೊದಲ ವರ್ಷದ ಮೊದಲ ತಿಂಗಳಿಗೆ ಸೀನಿಯರ್ ಅಕ್ಕನ ನೋಟ್ಸು ಸರಿ. ಮೂರನೆಯ ವರ್ಷಕ್ಕೂ ಅದೇ ಊರುಗೋಲು ಯಾಕೆ?

ಯಕ್ಷಗಾನದ ಹೆಜ್ಜೆಯ ಮಾತೂ ಬಂತು. ನಾನು ತಾಳಮದ್ದಲೆಯ, ವೇಷ-ಕುಣಿತವಿಲ್ಲದೆ ಕೂತು ಮಾತಾಡುವ ಯಕ್ಷಗಾನದ, ಮಾತು ಎತ್ತುತ್ತೇನೆ. ಅಲ್ಲಿ ಪದ್ಯ ಮಾತ್ರ ಪ್ರಸಂಗದ್ದು, ಭಾಗವತರು ಹಾಡುತ್ತಾರೆ. ಅರ್ಥ ಕಟ್ಟುವುದು ಕೂತವನ ಕೆಲಸ. ಹೊಸ ಅರ್ಥಧಾರಿ ಹಿರಿಯರ ಮಾತುಗಳನ್ನು ಉರುಹೊಡೆದು ಬಂದಿರುತ್ತಾನೆ, ಮೊದಲ ಐದು ನಿಮಿಷ ಭರ್ಜರಿ. ಎದುರಿನ ಕೃಷ್ಣ ಒಂದು ಅಡ್ಡ ಪ್ರಶ್ನೆ ಎಸೆದನೋ, ಕೌರವನಿಗೆ ಬೆವರು. ನಮ್ಮ ವೈವಾ ಕೋಣೆಯಲ್ಲಿ ನಾನು ನೋಡಿದ್ದೂ ಅದೇ ಬೆವರು. ರೆಕಾರ್ಡ್ ಪುಸ್ತಕ ಮುತ್ತು ಪೋಣಿಸಿದ ಹಾಗೆ ಇರುತ್ತದೆ, "ಈ ಗ್ರಾಫ್ ಮೂಲಬಿಂದುವಿನಿಂದ ಯಾಕೆ ಹೊರಡಲಿಲ್ಲ?" ಎಂದರೆ ಹುಡುಗ ಛಾವಣಿ ನೋಡುತ್ತಾನೆ.

ಉಡುಪಿಯವರಿಗೆ ಮುದ್ದಣ ಗೊತ್ತು. ಇದೇ ಊರಿನ ಶಾಲೆಯಲ್ಲಿ ವ್ಯಾಯಾಮದ ಮೇಷ್ಟ್ರಾಗಿದ್ದ ನಂದಳಿಕೆಯ ಲಕ್ಷ್ಮೀನಾರಣಪ್ಪ, ತಾನೇ ಬರೆದ ಕಾವ್ಯವನ್ನು ಹಿಂದಿನ ಯಾರೋ ಕವಿಯ ಹಸ್ತಪ್ರತಿ ಎಂದು ಅಚ್ಚಿಗೆ ಕಳಿಸಿದವನು. ತನ್ನದನ್ನು ಬೇರೆಯವರದೆಂದು ಹೇಳುವ ಸಂಕೋಚದಿಂದ, ಬೇರೆಯವರದನ್ನು ತನ್ನದೆಂದು ಸಹಿ ಹಾಕಿಸಿಕೊಳ್ಳುವ ಧೈರ್ಯದವರೆಗೆ ನಾವು ಬಂದಿದ್ದೇವೆ. ಇದು ವಿಷಯಾಂತರ, ಬಿಡಿ.

ಈಗಿನ ಹೊಸ ತೊಂದರೆ ಬೇರೆ. 2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ಜೆರಾಕ್ಸ್ ಅಂಗಡಿಯೂ ಬೇಡವಾಗಿದೆ. ಪ್ರಶ್ನೆಯ ಫೋಟೋ ಹೊಡೆದರೆ ಮೊಬೈಲೇ ಹಂತ ಹಂತವಾಗಿ ಬಿಡಿಸಿಕೊಡುತ್ತದೆ, ರಸಾಯನಶಾಸ್ತ್ರವಿರಲಿ, ಅಕೌಂಟ್ಸ್ ಇರಲಿ. ಸೀನಿಯರ್ ಅಕ್ಕನ ನೋಟ್ಸಿನಲ್ಲಿ ಹೊಡೆದುಹಾಕಿದ ಸಾಲುಗಳಾದರೂ ಇರುತ್ತಿದ್ದವು. ಇಲ್ಲಿ ಎಡವಿದ್ದಳು, ಇಲ್ಲಿ ತಿದ್ದಿಕೊಂಡಳು ಎಂದು ಕಾಣುತ್ತಿತ್ತು. ಮೊಬೈಲಿನ ಉತ್ತರದಲ್ಲಿ ಗೀರಿಲ್ಲ. ಎಡವುವುದು ಕಲಿಕೆಯ ಭಾಗ ಎಂಬುದೇ ಅದನ್ನು ನೋಡಿ ಬರೆಯುವವನಿಗೆ ತೋರುವುದಿಲ್ಲ.

ಟ್ಯೂಷನ್ನಿನ ಅನ್ಯಾಯದ ಬಗ್ಗೆ ಅವಳು ಹೇಳಿದ್ದಕ್ಕೆ ನನ್ನಲ್ಲಿ ಉತ್ತರವಿಲ್ಲ. ಅವಳು ಹೇಳಿದ್ದು ನಿಜ. ಸೇವೆಯ ಕೊನೆಯ ವರ್ಷಗಳಲ್ಲಿ ನಾನು ಮಾಡಿದ್ದಿಷ್ಟೆ: ಹೊಡೆದುಹಾಕಿದ ಒಂದು ಪ್ರಯತ್ನವಾದರೂ ಇಲ್ಲದ ಪುಸ್ತಕಕ್ಕೆ ಪೂರ್ತಿ ಅಂಕ ಕೊಡುತ್ತಿರಲಿಲ್ಲ. ಕೆಲವರು ಸುಳ್ಳುಸುಳ್ಳೇ ತಪ್ಪು ಬರೆದು ಹೊಡೆದುಹಾಕಿ ತಂದರು. ಅದಕ್ಕೂ ಸ್ವಲ್ಪ ಯೋಚನೆ ಬೇಕಲ್ಲ ಎಂದು ಅಂಕ ಕೊಟ್ಟೆ.

ಇನ್ನು ಅವಳ ಎರಡು ಸಂಜೆ. ಎಂಟರ ಬದಲು ಏಳರಿಂದ ಭಾಗಿಸಬೇಕು ಎಂದು ಆ ಸಾಲು ಹೇಳಿತು, ಅವಳ ಉತ್ತರ ಸರಿಹೋಯಿತು. ಆದರೆ ಏಳೇ ಯಾಕೆ? ಅವಳ ಬರಹದಲ್ಲಿ ಅದಿಲ್ಲ. ಇವತ್ತು ರಾತ್ರಿ ಆ ಎಂಟು ಅಂಕಿಗಳಿಂದ ಐದನ್ನು ಕಳೆದು, ಬಂದ ವ್ಯತ್ಯಾಸಗಳನ್ನು ಸಾಲಾಗಿ ಬರೆದು, ವರ್ಗ ಮಾಡದೆ ಹಾಗೇ ಕೂಡಿಸಿ ನೋಡಲಿ. ಆಮೇಲೆ ಯಾವುದಾದರೂ ಒಂದನ್ನು ಬೆರಳಿಂದ ಮುಚ್ಚಿ, ಉಳಿದ ಏಳನ್ನು ನೋಡಲಿ. ಮುಂದಿನ ಸಾಲು ನಾನು ಬರೆಯುವುದಿಲ್ಲ.