ಫಾರಂನಲ್ಲಿ ಮೇಯುವ ಹಸು

ಹೆಂಗಸರ ಗುಂಪು ಕಟ್ಟಿಸಿ ಅಡವಿಲ್ಲದೆ ಕಿರುಸಾಲ ಕೊಡುವ ಮೈಕ್ರೋಫೈನಾನ್ಸ್ ಕಂಪನಿಗಳ ಕಾಟಕ್ಕೆ ಮನೆಗೆ ಬೀಗ ಜಡಿದು ಊರು ಬಿಟ್ಟವರ ಸುದ್ದಿ, ಆಮೇಲೆ ಬಲವಂತದ ವಸೂಲಿ ತಡೆಯಲು ಕರ್ನಾಟಕ ಸರ್ಕಾರ ತಂದ ಸುಗ್ರೀವಾಜ್ಞೆ, ಎಲ್ಲ ನೀವು ಓದಿಯೇ ಇದ್ದೀರಿ. ಆ ಗದ್ದಲದಲ್ಲಿ ನನಗೆ ಬಹಳ ಹಿಡಿಸಿದ್ದು ರಾಜಭವನದ ಲೆಕ್ಕ. 2025ರ ಫೆಬ್ರುವರಿಯಲ್ಲಿ ಅದರ ಕಡತ ಸಹಿಯಿಲ್ಲದೆ ವಾಪಸ್ ಬಂತಲ್ಲ, ಆಗಿನ ತಕರಾರುಗಳಲ್ಲಿ ಇದೂ ಒಂದು: ಕೊಡುವ ಸಾಲವೇ ಹೆಚ್ಚೆಂದರೆ 3 ಲಕ್ಷ, ಅದನ್ನು ಕೊಟ್ಟು ಕಾಟ ಕೊಟ್ಟವನಿಗೆ 5 ಲಕ್ಷ ದಂಡ, 10 ವರ್ಷ ಜೈಲು ಅಂದರೆ ಯಾವ ನ್ಯಾಯ? ಸತ್ಯವಾದ ಮಾತು. ಅಸಲಿಗಿಂತ ಜಾಸ್ತಿ ಕಟ್ಟಬೇಕಾಗಿ ಬಂದರೆ ಮನುಷ್ಯನಿಗೆ ಎಷ್ಟು ಸಂಕಟ ಅನ್ನುವುದು ಕೊನೆಗೂ ದೊಡ್ಡವರಿಗೆ ಹೊಳೆಯಿತು. ಸಾಲ ಕೊಟ್ಟವನ ವಿಷಯದಲ್ಲಿ ಹೊಳೆಯಿತು, ಅಷ್ಟೇ. ಮುಂದಿನ ಕೆಲವೇ ದಿನಗಳಲ್ಲಿ ಸಹಿಯೂ ಬಿತ್ತು.

ಆದರೆ ಕಂಪನಿಗಳನ್ನು ಹಾಗೆಲ್ಲ ಹಳಿಯಬಾರದು. ಅವರೇನು ಚಕ್ರಬಡ್ಡಿ ಶೆಟ್ಟರೇ? ಸಾಮಾಜಿಕ ಹೂಡಿಕೆದಾರರು. ಅವರ ವಾರ್ಷಿಕ ವರದಿ ತೆಗೆದು ನೋಡಿ, ಮುಖಪುಟದಲ್ಲೇ ಒಬ್ಬ ತಾಯಿ, ಪಕ್ಕದಲ್ಲಿ ಒಂದು ಹಸು. ಇಬ್ಬರ ಮುಖದಲ್ಲೂ ಸಬಲೀಕರಣದ ಕಳೆ.

ಈ ಹಸುವಿನ ಬಗ್ಗೆ ಸ್ವಲ್ಪ ಹೇಳಲೇಬೇಕು. ಸಾಲದ ಫಾರಂನಲ್ಲಿ 'ಉದ್ದೇಶ' ಅಂತ ಒಂದು ಕಾಲಂ ಇರುತ್ತದೆ.

"ಯಾತಕ್ಕಮ್ಮ ದುಡ್ಡು?"

"ಮಗೀಗೆ ಸ್ಕ್ಯಾನಿಂಗ್ ಮಾಡಿಸ್ಬೇಕಂತೆ ಸಾ."

"ಹಂಗೆ ಬರ್ಯಕ್ಕಾಗಲ್ಲ. ಹಸು ಅಂತ ಹಾಕ್ತೀನಿ. ಯಾರಾದ್ರೂ ಕೇಳಿದ್ರೆ ಹಸು ಅನ್ಬೇಕು, ಆಯ್ತಾ?"

ಹೀಗೆ ಕರು ಹಾಕದೆಯೇ ಹುಟ್ಟಿದ ಹಸುಗಳು ಊರೂರಲ್ಲಿವೆ. ಕೆಲವು ಮದುವೆಗೆ ಹೋಗಿವೆ, ಕೆಲವು ಬೋರ್‌ವೆಲ್ಲಿಗೆ ಬಿದ್ದಿವೆ, ಬಹಳಷ್ಟು ಹಿಂದಿನ ಕಂಪನಿಯ ಕಂತಿಗೆ ಜಮಾ ಆಗಿವೆ. 2024ರಲ್ಲಿ ಕೆಎಂಎಫ್ ದಿನಕ್ಕೆ 1 ಕೋಟಿ ಲೀಟರ್ ಹಾಲು ಮುಟ್ಟಿತೆಂದು ಸಂಭ್ರಮಪಟ್ಟಿತು. ಫಾರಂನಲ್ಲಿ ಮೇಯುವ ಹಸುಗಳೂ ಕರೆಯುವಂತಿದ್ದರೆ ಬೆಂಗಳೂರಿನ ನಲ್ಲಿಗಳಲ್ಲಿ ಕಾವೇರಿಯ ಬದಲು ನಂದಿನಿಯೇ ಹರಿಯುತ್ತಿದ್ದಳು.

ಮೂಲದಲ್ಲಿ ಇದು ಹೀಗಿರಲಿಲ್ಲ ಅನ್ನುವುದನ್ನೂ ಒಪ್ಪಿಕೊಳ್ಳೋಣ. 1976ರಲ್ಲಿ ಬಾಂಗ್ಲಾದೇಶದ ಚಿತ್ತಗಾಂಗ್ ಪಕ್ಕದ ಜೋಬ್ರಾ ಎಂಬ ಹಳ್ಳಿಯಲ್ಲಿ ಮುಹಮ್ಮದ್ ಯೂನುಸ್ ಎಂಬ ಮೇಷ್ಟ್ರು 42 ಜನರಿಗೆ ತಮ್ಮ ಜೇಬಿನಿಂದ 856 ಟಾಕಾ ಕೊಟ್ಟರು. ಬಿದಿರಿನ ಸ್ಟೂಲು ಹೆಣೆಯುವ ಹೆಂಗಸರೂ ಅದರಲ್ಲಿದ್ದರು. ಅದು ಬೆಳೆದು ಗ್ರಾಮೀಣ ಬ್ಯಾಂಕಾಯಿತು. ಅಲ್ಲಿನ ಸದಸ್ಯೆಯರಿಗೆ ಹದಿನಾರು ನಿರ್ಣಯಗಳಿದ್ದವು: ವರ್ಷವಿಡೀ ತರಕಾರಿ ಬೆಳೀತೀವಿ, ಮುರುಕು ಮನೇಲಿ ಇರಲ್ಲ, ಸಸಿ ನೆಡ್ತೀವಿ, ಹೀಗೆ. 2006ರಲ್ಲಿ ನೊಬೆಲ್ ಬಂತು, ಅದೂ ಶಾಂತಿ ಪ್ರಶಸ್ತಿ. ಅಲ್ಲಿಂದ ಇಲ್ಲಿಗೆ ಬರುವಷ್ಟರಲ್ಲಿ ಹದಿನಾರೂ ದಾರಿಯಲ್ಲಿ ಉದುರಿಹೋಗಿ ಹದಿನೇಳನೆಯದೊಂದು ಉಳಿಯಿತು: ಪಕ್ಕದವಳು ಕಟ್ಟದಿದ್ದರೆ ನೀನು ಕಟ್ಟು.

ಶಾಂತಿಯ ಮುಂದಿನ ಕಥೆ ಷೇರುಪೇಟೆಯದು. 2010ರ ಆಗಸ್ಟ್‌ನಲ್ಲಿ ಎಸ್‌ಕೆಎಸ್ ಎಂಬ ಮೈಕ್ರೋಫೈನಾನ್ಸ್ ಕಂಪನಿ ಷೇರು ಪೇಟೆಗೆ ಇಳಿಯಿತು, ಹೂಡಿಕೆದಾರರು ಮುಗಿಬಿದ್ದರು. ಅಕ್ಟೋಬರ್‌ನಲ್ಲಿ ಆಂಧ್ರ ಸರ್ಕಾರ ಸುಗ್ರೀವಾಜ್ಞೆ ತಂದಿತು, ಯಾಕೆಂದರೆ ಅಷ್ಟರಲ್ಲಿ ಸಾಲಗಾರರ ಆತ್ಮಹತ್ಯೆಗಳ ವರದಿ ಬರತೊಡಗಿದ್ದವು. ಎರಡು ತಿಂಗಳ ಅಂತರ. ಕಾಂಬೋಡಿಯಾದವರು ನಮಗಿಂತ ಮುಂದುವರಿದವರು, ಅಲ್ಲಿ ಇದೇ ಕಿರುಸಾಲಕ್ಕೆ ಹೊಲದ ಪತ್ರವನ್ನೇ ಅಡ ಇಡಿಸಿಕೊಳ್ಳುತ್ತಾರೆ. ಏಷ್ಯಾದ ಬಡತನ ಹೇಗೆ ಕರಗುತ್ತಿದೆ ಎಂದು ತಾರಾ ಹೋಟೆಲಿನ ಸಭೆಗಳಲ್ಲಿ ಪರದೆಯ ಮೇಲೆ ತೋರಿಸುವಾಗ ಮಾತ್ರ ಇವೆಲ್ಲ ಒಂದೇ ಬಣ್ಣದ, ಮೇಲಕ್ಕೇರುವ ಗೆರೆ.

ರಿಸರ್ವ್ ಬ್ಯಾಂಕ್ ಸುಮ್ಮನೆ ಕೂತಿಲ್ಲ. 2022ರಲ್ಲಿ ಈ ಸಾಲದ ಬಡ್ಡಿಗಿದ್ದ ಮಿತಿ ತೆಗೆದು, ನಿಮ್ಮ ನಿಮ್ಮ ಆಡಳಿತ ಮಂಡಳಿಯೇ ನಿಗದಿ ಮಾಡಿಕೊಳ್ಳಿ ಎಂದಿತು. ಜೊತೆಗೆ ಬೆಳಿಗ್ಗೆ 9ಕ್ಕೆ ಮುಂಚೆ, ಸಂಜೆ 6ರ ಮೇಲೆ ವಸೂಲಿಗೆ ಹೋಗಕೂಡದು ಎಂದೂ ಹೇಳಿತು. ಎಂಥ ಕಾಳಜಿ! 9 ಗಂಟೆಗೆ ಬಂದು ಜಗಲಿ ಮೇಲೆ ಕೂತವನು ಏಳುವುದಿಲ್ಲ. ಬ್ಯಾಗು ತೊಡೆ ಮೇಲೆ, ಟ್ಯಾಬು ಕೈಯಲ್ಲಿ. ಕಟ್ಟಿದ ಹೆಂಗಸರೂ ಏಳುವ ಹಾಗಿಲ್ಲ. ಗುಂಪಿನ ಕೊನೆಯವಳ ಕಂತು ಬರುವತನಕ ಎಲ್ಲರೂ ಕೂರಬೇಕು. ಕೂಲಿ ಹೋಯಿತು, ಒಲೆ ಆರಿತು. "ಅಕ್ಕ, ನಿಮ್ಮಿಂದ ನಮ್ಮೆಲ್ರಿಗೂ ಇದಾ?" ಎಂದು ಗುಂಪಿನವರೇ ಕೇಳುತ್ತಾರೆ. ಕಂಪನಿ ಬೈಯುವುದೇ ಬೇಡ, ಬೈಗುಳವನ್ನೂ ಸಮುದಾಯಕ್ಕೆ ವಹಿಸಿಯಾಗಿದೆ. ಸಮುದಾಯ ಅಭಿವೃದ್ಧಿ ಅಂದರೆ ಮತ್ತೇನು? ಕೂತ ಹುಡುಗನೂ ಯಾವುದೋ ಊರಿನ ಡಿಗ್ರಿ ಪಾಸಾದವನು, ಟಾರ್ಗೆಟ್ ಮುಟ್ಟದಿದ್ದರೆ ಅವನಿಗೂ ಸಂಜೆ ಬೈಗುಳ ಕಾದಿದೆ.

ಸುಗ್ರೀವಾಜ್ಞೆ ನೋಂದಣಿಯಿಲ್ಲದವರ ಸಾಲ, ಬಡ್ಡಿಯನ್ನು ಮನ್ನಾ ಮಾಡಿತು. ಸಂತೋಷ. ನೋಂದಣಿ ಆದವರ ಹಸು ಹಾಗೇ ಇದೆ.

ನಗುವುದು ಸಾಕು. ತಾಲ್ಲೂಕು ಆಸ್ಪತ್ರೆಯಲ್ಲಿ ಒಂದು ಸ್ಕ್ಯಾನಿಂಗ್ ಮಶೀನು, ಅದನ್ನು ಓದಿ ಹೇಳುವ ಒಬ್ಬ ಡಾಕ್ಟರು ಇದ್ದಿದ್ದರೆ ಆ ತಾಯಿ ಫಾರಂಗೆ ಹೆಬ್ಬೆಟ್ಟು ಒತ್ತುತ್ತಲೇ ಇರಲಿಲ್ಲ. ಸುಳ್ಳು ಹಸು ಬೇಕಾಗಿರಲಿಲ್ಲ, ಮನೆಗೆ ಬೀಗ ಬೀಳುತ್ತಿರಲಿಲ್ಲ. ಅಷ್ಟು ಮಾಡಿ ಅಂದರೆ ಹಣವಿಲ್ಲ ಅನ್ನುತ್ತಾರೆ. ಹಣ ಇದೆ ಸ್ವಾಮಿ, ಸಿಂಗಪುರದಿಂದಲೂ ಬರುತ್ತದೆ, ಮುಂಬೈಯಿಂದಲೂ ಬರುತ್ತದೆ. ಆಸ್ಪತ್ರೆಗೆ ಹಾಕಿದರೆ ಶೇಕಡ 24 ಬಡ್ಡಿ ಹುಟ್ಟುವುದಿಲ್ಲ, ಅದಕ್ಕೇ ಅಲ್ಲಿಗೆ ಹೋಗುವುದಿಲ್ಲ.