ಸ್ಪಷ್ಟನೆ: ಖಾಸಗಿ ಕಂಪನಿಗಳಿಗೆ ಅಂಗವಿಕಲರ ಶೇ. 4 ಮೀಸಲಾತಿ ಕಡ್ಡಾಯವಲ್ಲ

‘ಯುಡಿಐಡಿ ಕಾರ್ಡ್ (ಅಂಗವಿಕಲರ ಗುರುತಿನ ಚೀಟಿ) ಇದ್ದರೆ ಖಾಸಗಿ ಕಂಪನಿಯೂ ಶೇ. 4 ಕೆಲಸ ಕೊಡಲೇಬೇಕು, ಜಾಬ್ ಕೋಚ್ ಪಕ್ಕದಲ್ಲಿದ್ದು ಕೆಲಸ ಮಾಡಿಕೊಡುತ್ತಾರೆ’ ಎಂಬ ವಾಟ್ಸ್‌ಆ್ಯಪ್ ಸಂದೇಶದ ಎರಡೂ ಮಾತು ತಪ್ಪು.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 34ನೇ ಸೆಕ್ಷನ್‌ನ ಶೇ. 4 ಸರ್ಕಾರಿ ಸಂಸ್ಥೆಗಳಿಗಷ್ಟೇ, ಅದೂ ಶೇ. 40ಕ್ಕೆ ಕಡಿಮೆಯಿಲ್ಲದ ಅಂಗವೈಕಲ್ಯ ಇದ್ದವರಿಗೆ. ಖಾಸಗಿಯವರಿಗೆ 35ನೇ ಸೆಕ್ಷನ್‌ನಲ್ಲಿರುವುದು ನೌಕರರಲ್ಲಿ ಕನಿಷ್ಠ ಶೇ. 5 ಮಂದಿ ಇಂಥವರಿರುವಂತೆ ಮಾಡಲು ಸರ್ಕಾರದ ಪ್ರೋತ್ಸಾಹ, ಕಡ್ಡಾಯವಲ್ಲ. ಆದರೆ 20 ಅಥವಾ ಹೆಚ್ಚು ನೌಕರರಿದ್ದರೆ, ಯಾವ ಹುದ್ದೆ ಸೂಕ್ತ, ಆಯ್ಕೆ ಹೇಗೆ, ಏನು ಸೌಲಭ್ಯ ಎಂಬುದು ಅವರ ಸಮಾನ ಅವಕಾಶ ನೀತಿಯಲ್ಲಿರಬೇಕು. ಅರ್ಜಿಗೆ ಮೊದಲು ಅದನ್ನೇ ಕೇಳಿ ಪಡೆಯಿರಿ.

ಇನ್ನು ಜಾಬ್ ಕೋಚ್. ಅವರದು ಅಂಗವಿಕಲ ನೌಕರರಿಗೆ ಕೆಲಸ ಕಲಿಸುವ ಕೆಲಸ, ಮಾಡಿಕೊಡುವುದಲ್ಲ. ಪ್ಯಾಕಿಂಗ್‌ನಲ್ಲಿ ಒಬ್ಬರಿಗೆ ಎಣಿಕೆ ತಪ್ಪುತ್ತದೆ ಎನ್ನಿ: 10 ಗುಳಿಯ ಟ್ರೇ ಇಟ್ಟರೆ ಸಾಕು, ಗುಳಿ ತುಂಬಿದರೆ ಎಣಿಕೆ ಮುಗಿದಂತೆ. ಮೊದಲು ಕೈಹಿಡಿದು, ಆಮೇಲೆ ಸನ್ನೆಯಲ್ಲಿ, ಕೊನೆಗೆ ದೂರ ನಿಂತು ನೋಡುತ್ತಾ ಕೋಚ್ ಹಿಂದೆ ಸರಿಯುತ್ತಾರೆ. ಎಡವಟ್ಟಾಗುವುದು ಸೂಪರ್‌ವೈಸರ್‌ಗೆ ಇದನ್ನೆಲ್ಲ ತಿಳಿಸದೆ ಹೋದಾಗ. ಶಿಫ್ಟ್ ಬದಲಾಗಿ ಟ್ರೇ ಕಾಣೆಯಾಗುತ್ತದೆ. ಬೈಗುಳ ಮಾತ್ರ ಕೆಲಸಗಾರರಿಗೆ.